ಬೇಸ್‌ಮೆಂಟಿಗೂ ಹಿಡಿಯಬೇಕು, ಟ್ರೇಲರನ್ನೂ ಎಳೆಯಬೇಕು: ಹಳೆಯ ಪಿಕಪ್ ಆರಿಸುವುದು ಹೇಗೆ?

ಅಬುಧಾಬಿ ನಗರದ ಅಂಚಿಗೇ ಇರುವ ಅಲ್ ರೀಮ್ ಐಲ್ಯಾಂಡಿನಲ್ಲಿ ಬೆಳಗಿನ ಹೊತ್ತು ಗೋಪುರಗಳ ಮುಂಬಾಗಿಲಿಗಿಂತ ಹಿಂಬಾಗಿಲಲ್ಲೇ ಗದ್ದಲ ಹೆಚ್ಚು. ಶಮ್ಸ್, ಮರೀನಾ ಸ್ಕ್ವೇರ್ ಕಡೆಯ ಕಟ್ಟಡಗಳ ಸರ್ವಿಸ್ ಗೇಟಿನ ಮುಂದೆ ಬಿಳಿ ಪಿಕಪ್‌ಗಳು ಸಾಲುಗಟ್ಟುತ್ತವೆ. ಏಣಿ, ಬಣ್ಣದ ಡಬ್ಬ, ಈಜುಕೊಳದ ಪಂಪು, ಎಸಿಯ ಫ್ಯಾನ್ ಮೋಟರು, ಜಿಪ್ಸಂ ಹಲಗೆ ಎಲ್ಲ ಅಲ್ಲೇ ಇಳಿಯುತ್ತವೆ. ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡಿನಿಂದ ಬಂದು ದುರಸ್ತಿ ಮತ್ತು ಒಳಾಂಗಣದ ಗುತ್ತಿಗೆ ಹಿಡಿದವರಿಗೆ ಇದು ದಿನನಿತ್ಯದ ನೋಟ. ಮೊದಲೆರಡು ವರ್ಷ ಬಾಡಿಗೆ ಗಾಡಿಯಲ್ಲಿ ಸುಧಾರಿಸಿದವರು ಮುಂದೆ ಸ್ವಂತದ್ದೊಂದು ಬೇಕು ಎಂದು ಹೊರಡುತ್ತಾರೆ. ಹೊಸದರ ಬೆಲೆ ಕೇಳಿದ ಮೇಲೆ ಹೆಚ್ಚಿನವರ ಕಣ್ಣು ಸೆಕೆಂಡ್ ಹ್ಯಾಂಡ್ ಮೇಲೆ ಬೀಳುತ್ತದೆ.

ಅಲ್ಲಿಗೆ ಆಯ್ಕೆಯ ಬಾಗಿಲು ತೆರೆಯುತ್ತದೆ, ತಲೆಬಿಸಿಯೂ ಶುರುವಾಗುತ್ತದೆ. ಅಬುಧಾಬಿಯ ಅಲ್ ಶಮ್ಖಾದ ಮೋಟರ್ ವರ್ಲ್ಡ್, ದುಬೈನ ರಾಸ್ ಅಲ್ ಖೋರ್, ಶಾರ್ಜಾದ ಶೋರೂಮುಗಳು, ಡುಬಿಝಲ್ ಜಾಹೀರಾತುಗಳು, ಕಂಪನಿಗಳ ಹಳೆಯ ಗಾಡಿಗಳು ಬರುವ ಎಮಿರೇಟ್ಸ್ ಆಕ್ಷನ್ ಹರಾಜು ಹೀಗೆ ಎಲ್ಲೆಡೆ ಪಿಕಪ್‌ಗಳಿವೆ. ಎಲ್ಲವೂ ತೊಳೆದು, ಪಾಲಿಶ್ ಮಾಡಿ, ಟೈರಿಗೆ ಕಪ್ಪು ಬಳಿದು ನಿಂತಿರುತ್ತವೆ. ಮೇಲಿನ ಹೊಳಪನ್ನು ನೋಡಿ ಒಂದರಿಂದ ಇನ್ನೊಂದನ್ನು ಬೇರೆ ಮಾಡಲಾಗದು. ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದಕ್ಕಿಂತ ಎಲ್ಲಿ ಓಡಿದೆ, ಏನು ಹೊತ್ತಿದೆ, ಏನನ್ನು ಎಳೆದಿದೆ ಎನ್ನುವುದೇ ಇಲ್ಲಿ ಮುಖ್ಯ.

ಮೊದಲು ತೂಕದ ಲೆಕ್ಕ

ಬ್ರಾಂಡ್ ಹೆಸರು ಹೇಳುವ ಮೊದಲು ಕಾಗದ, ಪೆನ್ನು ಹಿಡಿದು ಕೂರಬೇಕು. ಪಿಕಪ್ಪಿಗೆ ಎರಡು ಬೇರೆ ಬೇರೆ ಮಿತಿಗಳಿರುತ್ತವೆ. ಗಾಡಿ ತನ್ನ ಬೆನ್ನ ಮೇಲೆ ಹೊರಬಹುದಾದ ಭಾರ ಒಂದು, ಹಿಂದೆ ಎಳೆಯಬಹುದಾದ ಭಾರ ಇನ್ನೊಂದು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಎರಡನೆಯದು. ಕೆಲಸದಲ್ಲಿ ಮೊದಲು ಮುಗಿದುಹೋಗುವುದು ಮೊದಲನೆಯದು.

ಒಂದು ಉದಾಹರಣೆ ನೋಡೋಣ. ಡಬಲ್ ಕ್ಯಾಬಿನ್ ಪಿಕಪ್ಪೊಂದರ ಹೊರುವ ಮಿತಿ 900 ಕೆ.ಜಿ. ಎಂದಿಟ್ಟುಕೊಳ್ಳಿ. ತಲಾ 75 ಕೆ.ಜಿ.ಯ ಐದು ಮಂದಿ ಕುಳಿತರೆ 375 ಕೆ.ಜಿ. ಆಯಿತು. ಉಪಕರಣದ ಪೆಟ್ಟಿಗೆ 150, ಏಣಿ ಕಟ್ಟುವ ಕಬ್ಬಿಣದ ಚೌಕಟ್ಟು 60. ಉಳಿದದ್ದು 315. ಈಗ ಹಿಂದೆ 2 ಟನ್ನಿನ ಟ್ರೇಲರ್ ಸಿಕ್ಕಿಸಿದರೆ ಅದರ ಮೂತಿ ಪಿಕಪ್ಪಿನ ಕೊಕ್ಕೆಯ ಮೇಲೆ ಸುಮಾರು ಶೇ 10ರಷ್ಟು ಭಾರ ಹೇರುತ್ತದೆ, ಅಂದರೆ 200 ಕೆ.ಜಿ. ಕೊನೆಗೆ ಉಳಿಯುವುದು 115 ಕೆ.ಜಿ. 50 ಕೆ.ಜಿ.ಯ ಸಿಮೆಂಟ್ ಚೀಲ ಎರಡು ಹಾಕಿದರೆ ಮುಗಿಯಿತು. ಚೀಲ ಹತ್ತು ಹಾಕಿ, ಟ್ರೇಲರನ್ನೂ ಎಳೆದು ‘ಗಾಡಿಗೆ ಏನೂ ಆಗಲಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ. ಅಂಥವರ ಗಾಡಿಯೇ ಎರಡು ವರ್ಷದ ನಂತರ ಮಾರುಕಟ್ಟೆಗೆ ಬರುತ್ತದೆ.

ನೀರಿನ ವಿಷಯದಲ್ಲಿ ಅಂದಾಜು ತಪ್ಪುವುದು ಹೆಚ್ಚು. ಕಬ್ಬಿಣದ ಪಂಜರದೊಳಗೆ ಬರುವ ಬಿಳಿ ಪ್ಲಾಸ್ಟಿಕ್ ಟ್ಯಾಂಕು ತುಂಬಿದರೆ 1,000 ಲೀಟರ್. ನೀರೇ ಒಂದು ಟನ್, ಟ್ಯಾಂಕಿನ ತೂಕ ಬೇರೆ. ಅದನ್ನು ಪಿಕಪ್ಪಿನ ಬೆನ್ನ ಮೇಲೆ ಇಟ್ಟರೆ ಚಾಲಕನಿಗೇ ಜಾಗ ಉಳಿಯದಷ್ಟು ತೂಕದ ಮಿತಿ ತುಂಬಿಹೋಗುತ್ತದೆ. ಒಂದು ಘನಮೀಟರ್ ಮರಳು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಜೆಟ್‌ಸ್ಕಿಯೊಂದು ಸಾಮಾನ್ಯವಾಗಿ 350ರಿಂದ 450 ಕೆ.ಜಿ. ಇರುತ್ತದೆ. ಎರಡು ಜೆಟ್‌ಸ್ಕಿ ಮತ್ತು ಟ್ರೇಲರ್ ಸೇರಿದರೂ ಮಧ್ಯಮ ಗಾತ್ರದ ಪಿಕಪ್ಪಿಗೆ ಅದು ಕಷ್ಟದ ಹೊರೆಯಲ್ಲ. ಮೀನು ಹಿಡಿಯುವ ದೊಡ್ಡ ಫೈಬರ್ ದೋಣಿ, ಅವಳಿ ಎಂಜಿನ್, ತುಂಬಿದ ಪೆಟ್ರೋಲ್ ಟ್ಯಾಂಕು ಎಂದಾದರೆ ಮಾತ್ರ ತೂಕದ ಕಾಟಾ ಹತ್ತಿಸಿಯೇ ಮಾತಾಡಬೇಕು.

ರೀಮ್‌ನಲ್ಲಿ ಡಿಸ್ಟ್ರಿಕ್ಟ್ ಕೂಲಿಂಗ್ ವ್ಯವಸ್ಥೆ ಇರುವ ಗೋಪುರಗಳಲ್ಲಿ ತಣ್ಣೀರು ಕೊಳವೆಯಲ್ಲೇ ಬರುತ್ತದೆ. ಅಲ್ಲಿನ ಎಸಿ ಕೆಲಸ ಎಂದರೆ ಬಹುಪಾಲು ಫ್ಯಾನ್ ಮೋಟರು, ಫಿಲ್ಟರು, ವಾಲ್ವು ಬದಲಿಸುವುದು. ಇಷ್ಟೇ ಕೆಲಸ ಇರುವವರಿಗೆ ದೊಡ್ಡ ಪಿಕಪ್ ದುಂದು. ಟೈಲ್ಸ್, ಕಲ್ಲು, ಜನರೇಟರ್ ಸಾಗಿಸುವವರ ಲೆಕ್ಕ ಬೇರೆ.

ನಾಲ್ಕೂ ಚಕ್ರ ತಿರುಗಬೇಕೇ?

ದ್ವೀಪದೊಳಗಿನ ಟಾರು ರಸ್ತೆಗೆ ಫೋರ್ ವ್ಹೀಲ್ ಡ್ರೈವ್ ಬೇಕಿಲ್ಲ. ಕಟ್ಟುತ್ತಿರುವ ನಿವೇಶನದ ಸಡಿಲ ಮರಳು, ಅಲ್ ಐನ್ ಕಡೆಯ ತೋಟ, ಲಿವಾದ ಕ್ಯಾಂಪು, ದೋಣಿ ಇಳಿಸುವ ಪಾಚಿಗಟ್ಟಿದ ಇಳಿಜಾರು ಇವುಗಳಲ್ಲಿ ಒಂದಾದರೂ ವಾರದ ಕೆಲಸದಲ್ಲಿ ಬಂದರೆ ಬೇಕು. ಒದ್ದೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಮಾತ್ರ ತಿರುಗುವ ಖಾಲಿ ಪಿಕಪ್ ದೋಣಿಯನ್ನು ಮೇಲೆಳೆಯಲಾರದೆ ಜಾರುತ್ತಾ ನಿಲ್ಲುವುದುಂಟು.

ಹೆಚ್ಚಿನ ಕೆಲಸದ ಪಿಕಪ್‌ಗಳಲ್ಲಿರುವುದು ಪಾರ್ಟ್ ಟೈಮ್ ವ್ಯವಸ್ಥೆ. 2ಎಚ್ (ಹಿಂದಿನ ಎರಡು ಚಕ್ರ), 4ಎಚ್ (ನಾಲ್ಕೂ ಚಕ್ರ), 4ಎಲ್ (ನಾಲ್ಕೂ ಚಕ್ರ, ನಿಧಾನದ ಗಿಯರು) ಎಂಬ ಮೂರು ಸ್ಥಾನಗಳು. ಮುಂದಿನ, ಹಿಂದಿನ ಆಕ್ಸಲ್‌ಗಳು ಬೀಗ ಹಾಕಿದಂತೆ ಒಟ್ಟಿಗೆ ತಿರುಗುವುದರಿಂದ ಒಣ ಟಾರು ರಸ್ತೆಯಲ್ಲಿ 4ಎಚ್ ಹಾಕಿ ತಿರುವು ತೆಗೆದುಕೊಂಡರೆ ಗಿಯರುಗಳು ಒಂದಕ್ಕೊಂದು ಹಿಂಡಿಕೊಳ್ಳುತ್ತವೆ. ಹಾಗೆ ಓಡಿಸಿದ ಗಾಡಿಯ ಟ್ರಾನ್ಸ್‌ಫರ್ ಕೇಸು ಬೇಗ ಸವೆಯುತ್ತದೆ. ಮಿತ್ಸುಬಿಷಿ ಎಲ್200ರ ಕೆಲವು ಮಾದರಿಗಳಲ್ಲಿರುವ ಸೂಪರ್ ಸೆಲೆಕ್ಟ್ ವ್ಯವಸ್ಥೆಯಲ್ಲಿ ನಡುವೆ ಇನ್ನೊಂದು ಡಿಫರೆನ್ಶಿಯಲ್ ಇರುವುದರಿಂದ ಟಾರಿನ ಮೇಲೂ ನಾಲ್ಕು ಚಕ್ರದಲ್ಲಿ ಓಡಿಸಬಹುದು.

ಕೊಲ್ಲಿಯ ಮಾರುಕಟ್ಟೆಯಲ್ಲಿ ಎರಡೇ ಚಕ್ರ ತಿರುಗುವ ಟೊಯೊಟಾ ಹೈಲಕ್ಸ್‌ಗಳೂ ಧಾರಾಳವಾಗಿವೆ. ಎತ್ತರ, ಬಾನೆಟ್ಟು, ಬಂಪರು ನೋಡಿದರೆ ಫೋರ್ ವ್ಹೀಲ್‌ನಂತೆಯೇ ಕಾಣುವಂಥವೂ ಇವೆ. ಹಿಂದೆ ಅಂಟಿಸಿದ ಅಕ್ಷರಗಳನ್ನು ನಂಬಬಾರದು. ಒಳಗೆ 4ಎಲ್ ಹಾಕುವ ಸನ್ನೆ ಅಥವಾ ಗುಂಡಿ ಇದೆಯೇ, ಬಗ್ಗಿ ನೋಡಿದರೆ ಮುಂದಿನ ಚಕ್ರಗಳ ನಡುವೆ ಡಿಫರೆನ್ಶಿಯಲ್ ಉಂಡೆ ಕಾಣುತ್ತದೆಯೇ ಎಂದು ನೋಡಿದರೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಬೇಸ್‌ಮೆಂಟಿನ ಅಳತೆ

ರೀಮ್‌ನಲ್ಲಿ ವಾಸವಿದ್ದು ಅಲ್ಲೇ ಗಾಡಿ ನಿಲ್ಲಿಸುವವರು ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿಯುವುದು ಒಳ್ಳೆಯದು. ಡಬಲ್ ಕ್ಯಾಬಿನ್ ಹೈಲಕ್ಸ್ ಸುಮಾರು 5.3 ಮೀಟರ್ ಉದ್ದ, 1.8 ಮೀಟರ್ ಎತ್ತರ. ನಾಲ್ಕು ಬಾಗಿಲಿನ ಫೋರ್ಡ್ ಎಫ್-150 ಆದರೆ ಉದ್ದ 5.9 ಮೀಟರ್ ಹತ್ತಿರ, ಅಗಲ ಕನ್ನಡಿ ಬಿಟ್ಟು 2 ಮೀಟರಿಗೂ ಮೇಲೆ. ಐದು ಮೀಟರ್ ಉದ್ದದ ಗೆರೆಯೊಳಗೆ ಇದನ್ನು ನಿಲ್ಲಿಸಿದರೆ ಮೂತಿ ದಾರಿಗೆ ಚಾಚುತ್ತದೆ, ಪಕ್ಕದವರ ದೂರು ಸೆಕ್ಯುರಿಟಿಗೆ ಹೋಗುತ್ತದೆ.

ಎತ್ತರದ್ದು ಇನ್ನೊಂದು ಕಥೆ. ಗಾಡಿಯೇನೋ ಒಳಗೆ ಹೋಗುತ್ತದೆ. ಮೇಲೆ ಏಣಿಯ ಚೌಕಟ್ಟು, ಅದರ ಮೇಲೆ ಏಣಿ ಕಟ್ಟಿದಾಗ ಚಾವಣಿಯ ಸ್ಪ್ರಿಂಕ್ಲರ್ ಕೊಳವೆ ಅಡ್ಡ ಬರುತ್ತದೆ. ಪ್ರವೇಶದಲ್ಲಿ ತೂಗುಹಾಕಿದ ಎತ್ತರದ ಪಟ್ಟಿಯನ್ನು ನೋಡಿ, ಏಣಿ ಸಮೇತದ ಅಳತೆಯನ್ನು ಅದಕ್ಕೆ ಹೋಲಿಸಬೇಕು. ಟ್ರೇಲರ್ ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನೂ ಗಾಡಿ ಕೊಳ್ಳುವ ಮೊದಲೇ ನಿರ್ಧರಿಸುವುದು ಲೇಸು. ಮುಸಫ್ಫಾ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಎಂದಾದರೆ ದಿನದ ಓಡಾಟದಲ್ಲಿ ದರ್ಬ್ ಟೋಲ್ ಸೇರುತ್ತದೆ. 2021ರ ಜನವರಿಯಿಂದ ಶೇಖ್ ಝಾಯೆದ್, ಶೇಖ್ ಖಲೀಫಾ, ಅಲ್ ಮಕ್ತಾ, ಮುಸಫ್ಫಾ ಈ ನಾಲ್ಕು ಸೇತುವೆಗಳಲ್ಲಿ ದಟ್ಟಣೆಯ ಹೊತ್ತಿನಲ್ಲಿ ಒಮ್ಮೆ ದಾಟಲು 4 ದಿರ್ಹಮ್ ಶುಲ್ಕವಿದೆ.

ಯಾವ ಗಾಡಿ, ಯಾವ ಎಂಜಿನ್?

ಹೈಲಕ್ಸ್ ಕೇಳುವವರೇ ಹೆಚ್ಚು, ಹಾಗಾಗಿ ಬೆಲೆಯೂ ಇಳಿಯುವುದಿಲ್ಲ. 2015ರಲ್ಲಿ ಬಂದ ಎಂಟನೇ ತಲೆಮಾರಿನ ಹೈಲಕ್ಸ್ ಇಲ್ಲಿ ಹೆಚ್ಚಾಗಿ 2.7 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಸಿಗುತ್ತದೆ. ಗಟ್ಟಿ ಎಂಜಿನ್, ಟೈಮಿಂಗ್ ಚೈನು, ಬಿಡಿಭಾಗ ಮೂಲೆಮೂಲೆಯಲ್ಲಿ ಲಭ್ಯ. ಅದರ ಟಾರ್ಕ್ ಮಾತ್ರ 245 ನ್ಯೂಟನ್ ಮೀಟರ್ ಆಸುಪಾಸು. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಜೋಡಣೆಯಾಗಿ 2022ರಿಂದ ಭಾರತದಲ್ಲಿ ಮಾರಾಟವಾಗುತ್ತಿರುವ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ ಅದು 500. ಊರಲ್ಲಿ ಆ ಗಾಡಿ ಓಡಿಸಿ ಬಂದವರು ಅಬುಧಾಬಿಯ 2.7ಕ್ಕೆ ಟ್ರೇಲರ್ ಕಟ್ಟಿದರೆ ಹೆಸರು ಒಂದೇ ಆದರೂ ಗಾಡಿ ಬೇರೆ ಎಂದು ಮೊದಲ ಸೇತುವೆಯ ಏರಿನಲ್ಲೇ ತಿಳಿಯುತ್ತದೆ. ಹೊರುವ ಕೆಲಸವೇ ಮುಖ್ಯವಾದರೆ 2.7 ಸಾಕು. ವಾರಕ್ಕೆ ಎರಡು ಮೂರು ಸಲ ಎಳೆಯುವುದಿದ್ದರೆ 4.0 ಲೀಟರ್ ವಿ6 ಅಥವಾ ಡೀಸೆಲ್ ಹುಡುಕುವುದೇ ಸರಿ.

ಹಳೆಯ ತಲೆಮಾರಿನ ಹೈಲಕ್ಸ್ 2.5, 3.0 ಡೀಸೆಲ್‌ಗಳಲ್ಲಿ ಚೈನಿನ ಬದಲು ಟೈಮಿಂಗ್ ಬೆಲ್ಟ್ ಇದೆ. ಎಲ್200ರ ಹಳೆಯ 2.5 ಡೀಸೆಲ್‌ನಲ್ಲೂ ಬೆಲ್ಟೇ. ಅದನ್ನು ಬದಲಿಸಿದ ಬಿಲ್ಲು ಕೇಳಬೇಕು. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಇಳಿಸಬೇಕು. ಇಸುಝು ಡಿ-ಮ್ಯಾಕ್ಸ್‌ನ 3.0 ಲೀಟರ್ ಡೀಸೆಲ್‌ನಲ್ಲಿ ಚೈನು ಇರುವುದರಿಂದ ಆ ಚಿಂತೆಯಿಲ್ಲ.

ನಿಸಾನ್ ನವಾರ, ಎಲ್200 ಎರಡೂ ಹೈಲಕ್ಸ್‌ಗಿಂತ ಅಗ್ಗದಲ್ಲಿ, ಕಡಿಮೆ ವಯಸ್ಸಿನಲ್ಲಿ ಸಿಗುತ್ತವೆ. 2014ರ ನಂತರದ ತಲೆಮಾರಿನ ನವಾರದ ಕೆಲವು ಡಬಲ್ ಕ್ಯಾಬಿನ್‌ಗಳಲ್ಲಿ ಹಿಂದೆ ಲೀಫ್ ಬದಲು ಕಾಯಿಲ್ ಸ್ಪ್ರಿಂಗ್ ಇದೆ. ಖಾಲಿ ಓಡುವಾಗ ಕುಲುಕಾಟ ಕಡಿಮೆ. ಸದಾ ತುಂಬಿ ಓಡಿಸುವವರಿಗೆ ಲೀಫ್ ಸ್ಪ್ರಿಂಗ್ ಅನುಕೂಲ, ಕಾರಣ ಪ್ಲೇಟು ಮುರಿದರೆ ಅಥವಾ ಕುಸಿದರೆ ಮುಸಫ್ಫಾದಲ್ಲಿ ಬದಲಿಸುವುದು ಸುಲಭದ ಕೆಲಸ.

ಲ್ಯಾಂಡ್ ಕ್ರೂಸರ್ 79 ಪಿಕಪ್ ಮರಳುಗಾಡಿನ ತೋಟಗಳ ನೆಚ್ಚಿನ ಗಾಡಿ. 70 ಸರಣಿ 1984ರದ್ದು, 79 ಬಂದದ್ದು 1999ರಲ್ಲಿ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಇಲ್ಲಿ ಹೆಚ್ಚಾಗಿ 4.0 ವಿ6 ಪೆಟ್ರೋಲ್. ಎಳೆಯುವುದಕ್ಕೂ ಹೊರುವುದಕ್ಕೂ ಎದೆಗಾರಿಕೆ ಇದೆ. ಕುಳಿತವರ ಸುಖದ ಮಾತು ಎತ್ತಬಾರದು. ಹತ್ತು ವರ್ಷ ಹಳೆಯದಾದರೂ ದುಬಾರಿಯೇ.

ಎಫ್-150, ಸಿಲ್ವರಾಡೊ, ರ‍್ಯಾಮ್‌ನಂಥ ಅಮೆರಿಕನ್ ಪಿಕಪ್‌ಗಳು ಎಳೆಯುವುದರಲ್ಲಿ ಮುಂದು. ಸರಿಯಾದ ಎಂಜಿನ್, ಆಕ್ಸಲ್, ಟೋಯಿಂಗ್ ಪ್ಯಾಕೇಜ್ ಇರುವ ಎಫ್-150 ಐದು ಟನ್ನಿಗಿಂತ ಹೆಚ್ಚು ಎಳೆಯಬಲ್ಲದು. ಹೊರುವ ವಿಚಾರಕ್ಕೆ ಬಂದರೆ ಅನೇಕ ನಾಲ್ಕು ಬಾಗಿಲಿನ ಫೋರ್ ವ್ಹೀಲ್ ಎಫ್-150ಗಳ ಮಿತಿ ಹೈಲಕ್ಸ್‌ಗಿಂತ ಕಡಿಮೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಬಿಳಿ ಚೀಟಿ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಕಿಲೋ ಎಂದು ಅಲ್ಲೇ ಬರೆದಿರುತ್ತದೆ. ಮಾರುವವನ ಬಾಯಿಮಾತಿಗಿಂತ ಆ ಚೀಟಿಗೆ ಬೆಲೆ ಹೆಚ್ಚು.

ಉಪ್ಪು, ಸಬ್ಖಾ, ನೆರೆ

ಮರುಭೂಮಿಯಲ್ಲಿ ತುಕ್ಕು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅಬುಧಾಬಿಯ ಕರಾವಳಿಗೆ ಆ ಮಾತು ಹೊಂದುವುದಿಲ್ಲ. ಇಲ್ಲಿನ ಸಮುದ್ರ ಬಲು ಉಪ್ಪು, ಬೇಸಿಗೆಯ ರಾತ್ರಿ ಗಾಳಿಯಲ್ಲಿ ತೇವ ತೊಟ್ಟಿಕ್ಕುತ್ತದೆ. ಕರಾವಳಿಯುದ್ದಕ್ಕೂ ಸಬ್ಖಾ ಎಂದು ಕರೆಯುವ ಉಪ್ಪು ಬಯಲುಗಳಿವೆ. ಮೇಲೆ ಗಟ್ಟಿ ಪದರ, ಕೆಳಗೆ ಉಪ್ಪುಕೆಸರು. ಅದರಲ್ಲಿ ಓಡಿದ ಪಿಕಪ್ಪಿನ ಚಾಸಿಯೊಳಗೆ ಕೆಸರು ಸೇರಿಕೊಂಡು ಒಣಗಿದರೆ ಮೇಲಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ.

ಆದ್ದರಿಂದ ಗಾಡಿಯನ್ನು ಲಿಫ್ಟಿಗೆ ಏರಿಸದೆ ಮುಂಗಡ ಕೊಡಲೇಬಾರದು. ಮೆಕ್ಯಾನಿಕ್ ಮೊದಲು ನೋಡಬೇಕಾದ್ದು ಚಾಸಿಯ ಎರಡು ಉದ್ದ ತೊಲೆಗಳ ತೂತುಗಳನ್ನು. ಬೆರಳು ಹಾಕಿ ಕೆರೆದರೆ ಬಿಳಿ ಪುಡಿ, ಪದರು ಪದರಾಗಿ ಏಳುವ ಕಂದು ಚಕ್ಕೆ ಬಂದರೆ ಗಾಡಿ ಸಬ್ಖಾ ಅಥವಾ ಸಮುದ್ರ ಕಂಡಿದೆ. ಹೊಸದಾಗಿ ಬಳಿದ ದಪ್ಪ ಕಪ್ಪು ಬಣ್ಣ ಚಾಸಿಯ ಮೇಲಿದ್ದರೆ ಸಂಶಯ ಇನ್ನೂ ಹೆಚ್ಚಬೇಕು. ಬ್ರೇಕ್ ಪೈಪುಗಳು, ಲೀಫ್ ಸ್ಪ್ರಿಂಗಿನ ಕೊನೆಗಳು, ಬಿಡಿ ಟೈರು ತೂಗುವ ಜಾಗ, ಕ್ಯಾಬಿನ್ನಿನ ಹಿಂದೆ ಚಾಸಿ ಬಾಗುವ ಸ್ಥಳ, ಎಳೆಯುವ ಕೊಕ್ಕೆ ಕೂರುವ ತುದಿ, ಇಷ್ಟನ್ನೂ ಟಾರ್ಚು ಹಿಡಿದು ನೋಡಬೇಕು. ಕೊನೆಯ ಎರಡು ಕಡೆ ಬಿರುಕು ಅಥವಾ ವೆಲ್ಡಿಂಗ್ ಗುರುತು ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ದೋಣಿ ಎಳೆದ ಗಾಡಿಯನ್ನು ಪತ್ತೆಹಚ್ಚುವ ಒಂದು ಸರಳ ಉಪಾಯವಿದೆ. ದೋಣಿ ಇಳಿಸುವಾಗ ಹಿಂದಿನ ಆಕ್ಸಲ್ ನೀರಿನಲ್ಲಿ ಮುಳುಗುತ್ತದೆ. ದಾರಿಯುದ್ದಕ್ಕೂ ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ಸಮುದ್ರದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡಿಫರೆನ್ಶಿಯಲ್‌ನ ಎಣ್ಣೆ ತುಂಬುವ ಬೋಲ್ಟು ಬಿಚ್ಚಿ ಕಿರುಬೆರಳು ಅದ್ದಿ ನೋಡಿದರೆ ಒಳ್ಳೆಯ ಎಣ್ಣೆ ಜೇನು ಬಣ್ಣಕ್ಕೋ ಕಪ್ಪಿಗೋ ತಿರುಗಿರುತ್ತದೆ. ನೀರು ಸೇರಿದ್ದರೆ ಹಾಲು ಬೆರೆಸಿದ ಚಹಾದಂತೆ ಮಸುಕಾಗಿರುತ್ತದೆ.

ಇನ್ನು ನೆರೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಸುರಿದ ಮಳೆ 1949ರಿಂದೀಚೆಗೆ ದಾಖಲಾದುದರಲ್ಲೇ ಅತಿ ದೊಡ್ಡದು. ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 254.8 ಮಿ.ಮೀ. ಮಳೆ ಅಳೆಯಲಾಯಿತು. ದುಬೈ, ಶಾರ್ಜಾಗಳಲ್ಲಿ ಸಾಲುಸಾಲು ವಾಹನಗಳು ನೀರಲ್ಲಿ ನಿಂತವು. ಒಣಗಿಸಿ, ತೊಳೆದು ಮಾರಿದ ಅಂಥ ಗಾಡಿ ಯಾವಾಗ ಬೇಕಾದರೂ ಎದುರಾಗಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಬೇಕು. ಕಾಲಡಿಯ ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು, ಸೀಟಿನ ಬೋಲ್ಟುಗಳ ತುಕ್ಕು, ವೈರಿನ ಸಾಕೆಟ್ಟುಗಳಲ್ಲಿ ಹಸಿರು ಕಿಲುಬು ನಿಜ ಹೇಳುತ್ತವೆ. ಗಾಜು ಮುಚ್ಚಿ ಎಸಿ ಹಾಕಿದಾಗ ಮುಗ್ಗಲು ವಾಸನೆ ಬಂದರೂ ಎಚ್ಚರವಾಗಬೇಕು. ಡ್ಯಾಶ್‌ಬೋರ್ಡಿನಲ್ಲಿ ತೂಗುಬಿಟ್ಟ ಸುಗಂಧದ ಬಾಟಲಿಗಳು ಮೂರು ನಾಲ್ಕು ಇದ್ದರೂ ಹಾಗೆಯೇ.

ಕಡಲು ದಾಟಿ ಬಂದವು

ಜಾಹೀರಾತಿನಲ್ಲಿ ‘ಜಿಸಿಸಿ ಸ್ಪೆಕ್’ ಎಂದು ಬರೆದಿದ್ದರೆ ಕೊಲ್ಲಿ ದೇಶಗಳಿಗಾಗಿಯೇ ತಯಾರಾದದ್ದು ಎಂದರ್ಥ. ರೇಡಿಯೇಟರ್, ಎಸಿ, ದೂಳಿನ ಫಿಲ್ಟರು ಇಲ್ಲಿನ ಹವೆಗೆ ತಕ್ಕಂತೆ ಇರುತ್ತವೆ. ಅಮೆರಿಕದಿಂದ ಬಂದ ಪಿಕಪ್‌ಗಳು ಅದೇ ವರ್ಷದ್ದಾದರೂ ಗಣನೀಯವಾಗಿ ಅಗ್ಗ. ಅವುಗಳಲ್ಲಿ ಅನೇಕವು ಅಲ್ಲಿ ಅಪಘಾತ ಅಥವಾ ನೆರೆಗೆ ಸಿಕ್ಕಿ, ವಿಮಾ ಕಂಪನಿ ಕೈಬಿಟ್ಟು, ಹರಾಜಿನ ಮೂಲಕ ಹಡಗು ಹತ್ತಿ ಬಂದವು. 17 ಅಂಕೆ ಅಕ್ಷರಗಳ ಚಾಸಿ ನಂಬರನ್ನು ಕಾರ್‌ಫ್ಯಾಕ್ಸ್‌ನಂಥ ಸೇವೆಗೆ ಕೊಟ್ಟರೆ ಅಲ್ಲಿನ ಇತಿಹಾಸ ಸಿಗುತ್ತದೆ. ಮೊದಲ ಅಕ್ಷರವೂ ಊರು ಹೇಳುತ್ತದೆ: 1 ಇದ್ದರೆ ಅಮೆರಿಕ, ಜೆ ಇದ್ದರೆ ಜಪಾನ್. ಥಾಯ್ಲೆಂಡಿನಲ್ಲಿ ತಯಾರಾದ ಹೈಲಕ್ಸ್ ಎಂ ಅಕ್ಷರದಿಂದ ಶುರುವಾಗುತ್ತದೆ.

2015ರ ಮಾದರಿಯಿಂದ ಎಫ್-150ರ ಮೈಯೆಲ್ಲ ಅಲ್ಯುಮಿನಿಯಂ. ಮೈಗೆ ತುಕ್ಕು ಹಿಡಿಯದು ಎನ್ನುವುದು ಲಾಭ, ಬಡಿದು ನೆಟ್ಟಗೆ ಮಾಡುವವರು ಕಡಿಮೆ ಎನ್ನುವುದು ನಷ್ಟ. ಚಾಸಿ ಮಾತ್ರ ಉಕ್ಕಿನದೇ, ಅಮೆರಿಕದ ಹಿಮದ ರಸ್ತೆಗೆ ಚೆಲ್ಲುವ ಉಪ್ಪು ತಿಂದು ಬಂದಿರಲೂಬಹುದು.

ಓಡಿಸಿ ನೋಡುವಾಗ

ಎಂಜಿನ್ ತಣ್ಣಗಿರುವಾಗಲೇ ಮೊದಲ ಸಲ ಸ್ಟಾರ್ಟ್ ಮಾಡಬೇಕು. ‘ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ’ ಎಂದು ಫೋನಿನಲ್ಲೇ ಹೇಳಬೇಕು. ಜುಲೈ ತಿಂಗಳ ಅಬುಧಾಬಿಯಲ್ಲಿ ಬಾನೆಟ್ ಮುಟ್ಟಿ ಪತ್ತೆಹಚ್ಚುವುದು ಸಾಧ್ಯವಿಲ್ಲ, ಅದು ಹೇಗಿದ್ದರೂ ಸುಡುತ್ತಿರುತ್ತದೆ. ಬೆಳಿಗ್ಗೆ ಬೇಗ ಹೋಗುವುದೇ ಉಪಾಯ. ಮೊದಲ ಕೆಲವು ಸೆಕೆಂಡಿನ ಚೈನು ಸದ್ದು, ಸೈಲೆನ್ಸರಿನ ನೀಲಿ ಅಥವಾ ಬಿಳಿ ಹೊಗೆ, ಕೂಲಂಟ್‌ನಲ್ಲಿ ತೇಲುವ ಎಣ್ಣೆ ಆಗ ಮಾತ್ರ ಬಯಲಾಗುತ್ತವೆ.

ಅದೇ ಗಾಡಿಯನ್ನು ಮಧ್ಯಾಹ್ನ ಇನ್ನೊಮ್ಮೆ ಓಡಿಸಬೇಕು, ಈ ಸಲ ಎಸಿ ಪೂರ್ತಿ ಹಾಕಿಕೊಂಡು. ಟ್ರಾಫಿಕ್‌ನಲ್ಲಿ ನಿಂತಾಗ ತಾಪದ ಮುಳ್ಳು ಏರಿದರೆ ಟ್ರೇಲರ್ ಕಟ್ಟಿದ ಮೇಲೆ ಏನಾಗಬಹುದೆಂದು ಬೇರೆ ಹೇಳಬೇಕಿಲ್ಲ. ಅಲ್ ಐನ್ ಕಡೆಯ ಗಾಡಿಯಾದರೆ ಜೆಬೆಲ್ ಹಫೀತ್ ರಸ್ತೆಯೇ ಒಳ್ಳೆಯ ಪರೀಕ್ಷೆ. ಸುಮಾರು 1,240 ಮೀಟರ್ ಎತ್ತರದ ಬೆಟ್ಟದ ಆ ತಿರುವುಗಳಲ್ಲಿ ಗಿಯರ್ ಬಾಕ್ಸಿನ ತಡವರಿಕೆ, ಇಳಿಯುವಾಗ ಬ್ರೇಕಿನ ನಡುಕ ಎರಡೂ ಗೊತ್ತಾಗುತ್ತವೆ.

ಆಟೊಮ್ಯಾಟಿಕ್ ಗಿಯರ್ ಬಾಕ್ಸಿನ ಎಣ್ಣೆಗೆ ಸುಟ್ಟ ವಾಸನೆ ಇದ್ದರೆ ಗಾಡಿ ಮರಳಿನಲ್ಲಿ ಅಥವಾ ಭಾರದಡಿಯಲ್ಲಿ ಕಾದಿದೆ. ಲಿವಾದ ತಲ್ ಮುರೈಬ್ ದಿಬ್ಬದಂಥ ಕಡೆ ವಾರಾಂತ್ಯಕ್ಕೆ ಆಟವಾಡಿದ ಪಿಕಪ್‌ಗಳ ಗಿಯರ್ ಬಾಕ್ಸು, ಟರ್ಬೊ, ಮುಂದಿನ ಶಾಫ್ಟುಗಳು ಮೀಟರಿನಲ್ಲಿ ಕಾಣುವ ಕಿಲೋಮೀಟರಿಗಿಂತ ಎಷ್ಟೋ ಹೆಚ್ಚು ದಣಿದಿರುತ್ತವೆ.

ಫೋರ್ ವ್ಹೀಲ್ ಪರೀಕ್ಷೆಗೆ ರಸ್ತೆಬದಿಯ ಮರಳೋ ಜಲ್ಲಿಯೋ ಬೇಕು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು 4ಎಲ್ ಹಾಕಿ ನಿಧಾನಕ್ಕೆ ಮುಂದೆ ಹಿಂದೆ ಓಡಿಸಬೇಕು. ದೀಪ ಮಿನುಗುತ್ತಲೇ ಇದ್ದರೆ, ಕಟಕಟ ಸದ್ದು ಬಂದರೆ, 2ಎಚ್‌ಗೆ ಮರಳಲು ಒಪ್ಪದಿದ್ದರೆ ದುರಸ್ತಿ ದುಬಾರಿ. ವರ್ಷಗಟ್ಟಲೆ ಬಳಸದೆ ಬಿಟ್ಟ ವ್ಯವಸ್ಥೆಯೂ ಹೀಗೆ ಹಟ ಹಿಡಿಯುತ್ತದೆ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕೆಗಳಿರುತ್ತವೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಯುಎಇಯಲ್ಲಿ ಐದು ವರ್ಷ ಮೀರಿದ ಟೈರು, ಗೆರೆ ಎಷ್ಟೇ ಉಳಿದಿದ್ದರೂ, ವಾರ್ಷಿಕ ತಪಾಸಣೆಯಲ್ಲಿ ಪಾಸಾಗದು. ಐದೂ ಟೈರುಗಳ ಬೆಲೆಯನ್ನು ಚೌಕಾಸಿಯ ಹೊತ್ತಿಗೆ ನೆನಪಿಟ್ಟುಕೊಳ್ಳಬೇಕು.

ಕೊಕ್ಕೆ ಮತ್ತು ಗುಂಡು

ಎಳೆಯುವ ಕೊಕ್ಕೆ ಈಗಾಗಲೇ ಇದೆ ಎಂದು ಖುಷಿಪಡುವ ಮೊದಲು ಅದು ಯಾವುದಕ್ಕೆ ಕೂತಿದೆ ನೋಡಬೇಕು. ಚಾಸಿಯ ಎರಡೂ ತೊಲೆಗಳಿಗೆ ಬೋಲ್ಟ್ ಹಾಕಿದ್ದರೆ ಸರಿ. ಬರಿಯ ಬಂಪರಿಗೆ ವೆಲ್ಡ್ ಮಾಡಿದ್ದು ಅಲಂಕಾರಕ್ಕೆ ಮಾತ್ರ.

ಕೊಕ್ಕೆಯ ತುದಿಯಲ್ಲಿ ಟ್ರೇಲರ್ ಕೂರುವ ಗುಂಡಿನ ಅಳತೆ ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಅಲ್ಲ. ಯುರೋಪಿನ ಪದ್ಧತಿಯ ಗುಂಡು 50 ಮಿ.ಮೀ., ಅಮೆರಿಕದ್ದು ಎರಡು ಇಂಚು, ಅಂದರೆ 50.8 ಮಿ.ಮೀ. ಇಲ್ಲಿ ಎರಡೂ ಬೆರೆತುಹೋಗಿವೆ. ಅಮೆರಿಕದ ಟ್ರೇಲರನ್ನು 50 ಮಿ.ಮೀ. ಗುಂಡಿಗೆ ಸಿಕ್ಕಿಸಿದರೆ ಕೂತಂತೆಯೇ ಕಾಣುತ್ತದೆ. ಗುಂಡು ಸ್ವಲ್ಪ ಸವೆದಿದ್ದರೆ ದೊಡ್ಡ ಕುಲುಕಿಗೆ ಕಳಚಿಕೊಳ್ಳಬಹುದು. ಅಳತೆ ಗುಂಡಿನ ತಲೆಯ ಮೇಲೂ ಟ್ರೇಲರಿನ ಬಟ್ಟಲಿನ ಮೇಲೂ ಕೆತ್ತಿರುತ್ತದೆ, ಎರಡೂ ಒಂದೇ ಇರಬೇಕು. ಬ್ರೇಕ್ ಇಲ್ಲದ ಟ್ರೇಲರಿಗೆ ಅನೇಕ ತಯಾರಕರು ಹಾಕುವ ಮಿತಿ 750 ಕೆ.ಜಿ. ಮಾತ್ರ. ಜಾಹೀರಾತಿನ 3,500 ಕೆ.ಜಿ. ಎಂಬುದು ಟ್ರೇಲರಿಗೇ ಬ್ರೇಕ್ ಇದ್ದಾಗಿನ ಮಾತು, ಅದೂ ನಿರ್ದಿಷ್ಟ ಎಂಜಿನ್ನಿಗೆ. ಆ ಗಾಡಿಯದೇ ಮಿತಿಯನ್ನು ಅದರ ಕೈಪಿಡಿಯಲ್ಲಿ ನೋಡಬೇಕು.

ಕಾಗದಪತ್ರ

ಮುಲ್ಕಿಯಾ ಎಂಬ ನೋಂದಣಿ ಕಾರ್ಡನ್ನು ಕೈಗೆ ತೆಗೆದುಕೊಂಡು ಚಾಸಿ ನಂಬರ್, ಎಂಜಿನ್ ನಂಬರ್, ವರ್ಷ, ತೂಕ, ಮಾಲೀಕರ ಹೆಸರು ಎಲ್ಲವನ್ನೂ ಗಾಡಿಯೊಂದಿಗೆ ತಾಳೆ ನೋಡಬೇಕು. ಬ್ಯಾಂಕ್ ಸಾಲ ಬಾಕಿಯಿದ್ದರೆ ಅಡಮಾನದ ಉಲ್ಲೇಖ ಅಲ್ಲೇ ಇರುತ್ತದೆ. ಬ್ಯಾಂಕಿನ ಬಿಡುಗಡೆ ಪತ್ರವಿಲ್ಲದೆ ಹೆಸರು ಬದಲಾಗದು. ಬಾಕಿ ದಂಡವಿದ್ದರೂ ಹಾಗೆಯೇ. ಪೊಲೀಸ್ ವರದಿಯಿಲ್ಲದೆ ಅಪಘಾತದ ಗಾಡಿಯನ್ನು ಗ್ಯಾರೇಜಿನವರು ಮುಟ್ಟಬಾರದೆಂಬ ನಿಯಮ ಇರುವುದರಿಂದ ಯುಎಇಯಲ್ಲಿ ಅಪಘಾತದ ದಾಖಲೆ ಊರಿಗಿಂತ ಚೆನ್ನಾಗಿ ಸಿಗುತ್ತದೆ. ಸರ್ಕಾರಿ ಜಾಲತಾಣವಾದ ಎಮಿರೇಟ್ಸ್ ವೆಹಿಕಲ್ ಗೇಟ್‌ನಲ್ಲಿ ಚಾಸಿ ನಂಬರ್ ಹಾಕಿ ನೋಡಬಹುದು. ಸರ್ವಿಸ್ ಪುಸ್ತಕ ಇಲ್ಲದಿದ್ದರೆ ಅಧಿಕೃತ ಡೀಲರಲ್ಲಿ ದಾಖಲೆ ಇದೆಯೇ ಎಂದು ಮಾರುವವರ ಮೂಲಕ ಕೇಳಿಸಬೇಕು. ಟೊಯೊಟಾಗೆ ಅಲ್ ಫುತ್ತೈಮ್, ಅಬುಧಾಬಿಯ ನಿಸಾನ್‌ಗೆ ಅಲ್ ಮಸೂದ್.

ಕಂಪನಿ ಹೆಸರಿಗೆ ಕೊಳ್ಳುವವರು ಟ್ರೇಡ್ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಮೊದಲು ನೋಡಿಕೊಳ್ಳಬೇಕು. 2023ರಲ್ಲಿ ಅಲ್ ರೀಮ್ ಐಲ್ಯಾಂಡ್ ಹಣಕಾಸು ಮುಕ್ತ ವಲಯವಾದ ಅಬುಧಾಬಿ ಗ್ಲೋಬಲ್ ಮಾರ್ಕೆಟ್‌ನ ವ್ಯಾಪ್ತಿಗೆ ಸೇರಿತು. ದ್ವೀಪದಲ್ಲಿ ಕಚೇರಿ ಇದ್ದ ಸಂಸ್ಥೆಗಳಿಗೆ ಹೊಸ ಲೈಸೆನ್ಸ್‌ಗೆ ಬದಲಾಗಲು 2024ರ ಡಿಸೆಂಬರ್ ಅಂತ್ಯದವರೆಗೆ ಕಾಲಾವಕಾಶ ಸಿಕ್ಕಿತ್ತು. ಹಳೆಯ ಲೈಸೆನ್ಸಿನ ಮೇಲೆ ತೆರೆದ ಟ್ರಾಫಿಕ್ ಫೈಲಿನಲ್ಲಿ ಇನ್ನೂ ಹಳೆಯ ವಿವರವೇ ಉಳಿದಿದ್ದರೆ ಗಾಡಿ ವರ್ಗಾವಣೆಗೆ ಮೊದಲೇ ಸರಿಪಡಿಸಿಕೊಳ್ಳಬೇಕು. ವೈಯಕ್ತಿಕ ಹೆಸರಿಗೆ ಕೊಳ್ಳುವವರು ಆ ಮಾದರಿಯ ಪಿಕಪ್ ತಮ್ಮ ವೀಸಾದ ಮೇಲೆ ನೋಂದಣಿಯಾಗುತ್ತದೆಯೇ ಎಂದು ಅಬುಧಾಬಿ ಸರ್ಕಾರದ ತಮ್ಮ್ ಸೇವೆಯಲ್ಲಿ ವಿಚಾರಿಸಿ, ಆಮೇಲೆ ಮುಂಗಡ ಕೊಡಬೇಕು. ವ್ಯಾಟ್ ನೋಂದಣಿ ಇರುವ ಕಂಪನಿಗಳು ಶೋರೂಮಿನಿಂದ ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ಕೇಳಿ ಪಡೆಯಬೇಕು.

ಅಬುಧಾಬಿಯಲ್ಲಿ ಅಡ್ನಾಕ್ ಕೇಂದ್ರಗಳು ನಡೆಸುವ ತಪಾಸಣೆ ಪಾಸಾಯಿತೆಂದರೆ ಗಾಡಿ ಗಟ್ಟಿಮುಟ್ಟಾಗಿದೆ ಎಂದು ತಿಳಿಯಬಾರದು. ಬ್ರೇಕು, ದೀಪ, ಟೈರು, ಚಾಸಿಯಂಥ ರಸ್ತೆ ಸುರಕ್ಷತೆಯ ಅಂಶಗಳನ್ನು ಅಲ್ಲಿ ನೋಡುತ್ತಾರೆ. ಗಿಯರ್ ಬಾಕ್ಸು ಇನ್ನೆಷ್ಟು ದಿನ ಬರುತ್ತದೆ ಎಂದು ಹೇಳುವುದು ಅವರ ಕೆಲಸವಲ್ಲ. ಅದಕ್ಕೆ ಮಾರುವವನಿಗೆ ಪರಿಚಯವಿಲ್ಲದ ಗ್ಯಾರೇಜನ್ನೇ ಆರಿಸಿ, ಲಿಫ್ಟಿಗೆ ಏರಿಸಿ, ಕಂಪ್ಯೂಟರ್ ಸ್ಕ್ಯಾನ್ ಮಾಡಿಸಬೇಕು. ಸ್ಕ್ಯಾನ್‌ನಲ್ಲಿ ದೋಷವೇ ಇಲ್ಲ, ಜತೆಗೆ ಎಂಜಿನ್ನಿನ ಸ್ವಯಂ ಪರೀಕ್ಷೆಗಳೂ ಪೂರ್ಣವಾಗಿಲ್ಲ ಎಂದು ಬಂದರೆ ಯಾರೋ ಆಗಷ್ಟೇ ದೋಷದ ಪಟ್ಟಿ ಅಳಿಸಿದ್ದಾರೆ ಎಂದು ಅನುಮಾನಿಸಬೇಕು.

ಮನೆಗೆ ತಂದ ಮೇಲೆ

ಹೆಸರು ಬದಲಾದ ವಾರದಲ್ಲೇ ಎಂಜಿನ್, ಗಿಯರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಶಿಯಲ್‌ಗಳ ಎಣ್ಣೆ, ಕೂಲಂಟ್, ಬ್ರೇಕ್ ಎಣ್ಣೆ ಬದಲಿಸಬೇಕು. ಹಳೆಯ ಮಾಲೀಕ ಯಾವಾಗ ಏನು ಹಾಕಿದ್ದ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಈ ಖರ್ಚಿಗೂ ಟೈರಿಗೂ ಸೇರಿಸಿ ಬೆಲೆಯ ಹತ್ತನೇ ಒಂದು ಭಾಗವನ್ನು ಕೈಯಲ್ಲಿ ಉಳಿಸಿಕೊಂಡಿರುವುದು ಜಾಣತನ. ವಿಮೆ ಮಾಡಿಸುವಾಗ ಕಂಪನಿ ಕೆಲಸಕ್ಕೆ ಬಳಸುತ್ತೇವೆ, ಟ್ರೇಲರ್ ಎಳೆಯುತ್ತೇವೆ ಎಂದು ಸ್ಪಷ್ಟವಾಗಿ ಬರೆಸಬೇಕು. ಎತ್ತರಿಸಿದ ಸಸ್ಪೆನ್ಷನ್ ಅಥವಾ ಬದಲಿಸಿದ ಎಂಜಿನ್ ಇದ್ದರೆ ಅನುಮತಿ ಪತ್ರ ಗಾಡಿಯಲ್ಲೇ ಇರಲಿ.

ದೋಣಿ ಇಳಿಸಿ ಬಂದ ದಿನ, ಸಬ್ಖಾ ದಾಟಿದ ದಿನ ಸಿಹಿನೀರಿನಲ್ಲಿ ಚಾಸಿಯ ಒಳಭಾಗವನ್ನೂ ತೊಳೆಸಿ. ತಿಂಗಳಿಗೊಮ್ಮೆ ಮರಳಿನಲ್ಲಿ 4ಎಚ್ ಹಾಕಿ ಸ್ವಲ್ಪ ದೂರ ಓಡಿಸಿದರೆ ಒಳಗಿನ ಸೀಲು, ಗಿಯರುಗಳಿಗೆ ಎಣ್ಣೆ ತಾಗುತ್ತದೆ. ರಸ್ತೆಯಲ್ಲಿ ಟ್ರೇಲರ್ ಎಳೆದು ಮುಸಫ್ಫಾ ತಲುಪಿದೊಡನೆ ಇಳಿದು ಟ್ರೇಲರಿನ ಚಕ್ರದ ಬೇರಿಂಗ್ ಹತ್ತಿರ ಕೈ ಒಡ್ಡಿ ನೋಡುವುದು ಅನುಭವಿ ಚಾಲಕರ ರೂಢಿ. ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಗ್ರೀಸ್ ಮುಗಿದಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ, ಮರಳಿ ಹೊರಡುವ ಮೊದಲೇ ಬಿಚ್ಚಿಸಬೇಕು.